ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಕಾಮಾ ಹಾಕಬೇಕೆ? ಇಂಗ್ಲಿಷ್ ಅಲ್ಪವಿರಾಮದ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

ಇಂಗ್ಲಿಷ್ ಚೆನ್ನಾಗಿ ಬರೆಯುವುದು ಹೇಗೆ ಎಂದು ಹೇಳಿಕೊಡುವ ಫಾರ್ವರ್ಡ್‌ಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತವೆ. ಅವುಗಳಲ್ಲಿ ಕಾಮಾ ಬಗ್ಗೆ ಸಾಮಾನ್ಯವಾಗಿ ಮೂರು ಮಾತುಗಳಿರುತ್ತವೆ. ಓದುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರೋ ಅಲ್ಲಿ ಕಾಮಾ ಹಾಕಿ. 'ಅಂಡ್'ಗೆ ಮೊದಲು ಕಾಮಾ ಹಾಕಲೇಬೇಡಿ. ಒಂದು ಕಾಮಾ ಮನುಷ್ಯನ ಜೀವ ಉಳಿಸಬಹುದು, ತೆಗೆಯಲೂಬಹುದು. ಬೇಕಿದ್ದರೆ ಈ ರಷ್ಯಾದ ರಾಣಿಯ ಕಥೆ ಓದಿ.

ಮೊದಲನೆಯದು ತಪ್ಪು. ಎರಡನೆಯದು ಅರ್ಧ ತಪ್ಪು. ಮೂರನೆಯದರಲ್ಲಿ ಕಥೆ ನಂಬುವಂಥದ್ದಲ್ಲ, ಮಾತು ಮಾತ್ರ ನಿಜ. ಒಂದೊಂದಾಗಿ ನೋಡೋಣ. ಓದಲು ಅನುಕೂಲವಾಗಲೆಂದು ಇಂಗ್ಲಿಷ್ ವಾಕ್ಯಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇವೆ.

ಮೊದಲು, ಆ ಫೋಟೋ ನಿಜವೇ?

ಕಾಮಾ ಎಷ್ಟು ಮುಖ್ಯ ಎಂದು ತೋರಿಸಲು ಒಂದು ಇಂಗ್ಲಿಷ್ ಪತ್ರಿಕೆಯ ಮುಖಪುಟ ಹಲವು ವರ್ಷಗಳಿಂದ ಹರಿದಾಡುತ್ತಿದೆ. ಅಮೆರಿಕದ ಟಿವಿ ಅಡುಗೆ ಕಾರ್ಯಕ್ರಮಗಳ ರೇಚಲ್ ರೇ ನಾಯಿಯ ಜೊತೆ ನಗುತ್ತ ನಿಂತಿದ್ದಾರೆ. ಪಕ್ಕದಲ್ಲಿರುವ ಶೀರ್ಷಿಕೆಯ ಪ್ರಕಾರ, ತನ್ನ ಮನೆಯವರನ್ನೂ ನಾಯಿಯನ್ನೂ ಬೇಯಿಸುವುದರಲ್ಲಿ ಅವರಿಗೆ ಸ್ಫೂರ್ತಿ ಸಿಗುತ್ತದಂತೆ! ಅಡುಗೆ, ಮನೆಯವರು, ನಾಯಿ ಎಂಬ ಮೂರು ಸಂಗತಿಗಳ ನಡುವೆ ಕಾಮಾ ಬಿಟ್ಟಿದ್ದರಿಂದ ಹೀಗಾಯಿತು ಎಂದು ಫಾರ್ವರ್ಡ್ ಹೇಳುತ್ತದೆ.

ಅದು ಸಾಕುಪ್ರಾಣಿಗಳ ಬಗೆಗಿನ 'ಟೇಲ್ಸ್' ಎಂಬ ಪತ್ರಿಕೆ. ಮುಖಪುಟ 2010ರದ್ದು. ಅಚ್ಚಾದ ಮೂಲ ಮುಖಪುಟದಲ್ಲಿ ಕಾಮಾಗಳು ಸರಿಯಾಗಿಯೇ ಇದ್ದವು. ಯಾರೋ ಕಂಪ್ಯೂಟರಿನಲ್ಲಿ ಅವನ್ನು ಅಳಿಸಿ ಹರಿಯಬಿಟ್ಟರು. ಅಂದರೆ ಫೋಟೋ ತಿದ್ದಿದ್ದು. ಆದರೆ ಕಾಮಾ ಅಳಿಸಿದ ಕೂಡಲೇ ಅರ್ಥ ಹಾಗೆ ಬದಲಾಗುತ್ತದೆ ಎಂಬುದಂತೂ ಹೌದು.

ಉಸಿರಿನ ನಿಯಮ ಎಲ್ಲಿಂದ ಬಂತು?

ಇದು ಯಾರೋ ಮೊನ್ನೆ ಕಟ್ಟಿದ ಸುಳ್ಳಲ್ಲ. ಒಂದು ಕಾಲಕ್ಕೆ ಇದೇ ನಿಯಮವಾಗಿತ್ತು. ಕ್ರಿಸ್ತಪೂರ್ವ ಮೂರನೇ ಶತಮಾನದ ಕೊನೆಯ ಹೊತ್ತಿಗೆ ಅಲೆಕ್ಸಾಂಡ್ರಿಯಾದ ದೊಡ್ಡ ಗ್ರಂಥಾಲಯದಲ್ಲಿದ್ದ ಬೈಜಾಂಟಿಯಮ್ಮಿನ ಅರಿಸ್ಟೋಫನೀಸ್ ಎಂಬ ವಿದ್ವಾಂಸ, ಗ್ರೀಕ್ ಬರಹವನ್ನು ಗಟ್ಟಿಯಾಗಿ ಓದುವವರಿಗಾಗಿ ಚುಕ್ಕೆಗಳನ್ನು ಇಡುವ ಪದ್ಧತಿ ತಂದ. ಆಗ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಚುಕ್ಕೆ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂದು ತಿಳಿಯುತ್ತಿತ್ತು. ಇಂಗ್ಲಿಷಿನಲ್ಲೂ 1795ರಲ್ಲಿ ಬಂದ ಲಿಂಡ್ಲಿ ಮರೆಯ ಪ್ರಸಿದ್ಧ ವ್ಯಾಕರಣ ಪುಸ್ತಕ, ಕಾಮಾ ಎಂದರೆ ಎಲ್ಲಕ್ಕಿಂತ ಚಿಕ್ಕ ನಿಲುಗಡೆ, ಸೆಮಿಕೋಲನ್ ಅದರ ಎರಡರಷ್ಟು, ಕೋಲನ್ ಇನ್ನೂ ಎರಡರಷ್ಟು ಎಂದು ಲೆಕ್ಕ ಹಾಕಿ ಹೇಳಿತು. ಗಟ್ಟಿಯಾಗಿ ಓದುವ ಕಾಲಕ್ಕೆ ಅದು ಸರಿಯೇ.

ಕಣ್ಣಲ್ಲೇ ಓದುವುದು ಹೆಚ್ಚಾದಂತೆ ಕಾಮಾದ ಕೆಲಸ ಬದಲಾಯಿತು. ಇಂದಿನ ಇಂಗ್ಲಿಷಿನಲ್ಲಿ ಅದು ಮುಖ್ಯವಾಗಿ ವಾಕ್ಯದ ಯಾವ ತುಂಡು ಯಾವುದಕ್ಕೆ ಸೇರಿದ್ದು ಎಂದು ತೋರಿಸುತ್ತದೆ. ತಮಾಷೆಯೆಂದರೆ 'ಕಾಮಾ' ಎಂಬ ಪದದ ಗ್ರೀಕ್ ಮೂಲದ ಅರ್ಥವೇ 'ಕತ್ತರಿಸಿದ ತುಂಡು'. ನಾವು ಕನ್ನಡದಲ್ಲಿ ಅದಕ್ಕೆ ಅಲ್ಪವಿರಾಮ ಎಂದು ಹೆಸರಿಟ್ಟೆವು. ಹೆಸರಲ್ಲೇ ವಿರಾಮ ಇದೆ. ಇನ್ನು ಶಾಲೆಯ ಮಕ್ಕಳು ಉಸಿರನ್ನು ನೋಡಿ ಕಾಮಾ ಹಾಕಿದರೆ ಅವರನ್ನು ಬೈದು ಏನು ಪ್ರಯೋಜನ?

ಹಾಗೆ ನೋಡಿದರೆ ಕನ್ನಡಕ್ಕೆ ಈ ಚಿಹ್ನೆಯ ಹಂಗು ಕಡಿಮೆ. ಓಲೆಗರಿಗಳಲ್ಲಿ ಪದ್ಯ ಮುಗಿದ ಕಡೆ ದಂಡ ಎಳೆಯುತ್ತಿದ್ದರೇ ಹೊರತು ಕಾಮಾ ಇರಲಿಲ್ಲ. ಅದು ಬಂದದ್ದು ಅಚ್ಚಿನ ಮನೆಯ ಜೊತೆ. ಅದಿಲ್ಲದೆಯೂ ನಡೆಯಲು ಕಾರಣ ನಮ್ಮ ಪ್ರತ್ಯಯಗಳು. 'ಲೆಟ್ಸ್ ಈಟ್, ಗ್ರ್ಯಾಂಡ್‌ಮಾ' ಎಂದರೆ 'ಊಟ ಮಾಡೋಣ ಅಜ್ಜಿ'. ಆ ಕಾಮಾ ತೆಗೆದರೆ 'ಅಜ್ಜಿಯನ್ನು ತಿನ್ನೋಣ' ಎಂದಾಗುತ್ತದೆ. ಕನ್ನಡದಲ್ಲಿ 'ಅನ್ನು' ಎಂಬ ಪ್ರತ್ಯಯ ಇಲ್ಲದೆ ಯಾರೂ ಅಜ್ಜಿಯನ್ನು ತಿನ್ನಲಾರರು. 'ಅಮ್ಮನೂ ಅಪ್ಪನೂ ಬಂದರು' ಎಂಬಲ್ಲಿ 'ಊ' ಎಂಬ ದೀರ್ಘವೇ ಜೋಡಣೆಯ ಕೆಲಸ ಮಾಡುತ್ತದೆ. ಇಂಗ್ಲಿಷಿಗೆ ಈ ಸೌಕರ್ಯ ಕಡಿಮೆ. ಅಲ್ಲಿ ಪದಗಳ ಕ್ರಮ ಮತ್ತು ಕಾಮಾ ಸೇರಿ ಆ ಕೆಲಸ ಮಾಡಬೇಕು. ನಮ್ಮವರು ಇಂಗ್ಲಿಷ್ ಬರೆಯುವಾಗ ಎಡವುವುದು ಇಲ್ಲೇ.

ಎರಡು ಕಾಮಾ ಎಂದರೆ ಒಂದು ಜೋಡಿ ಆವರಣ

ಎಲ್ಲಕ್ಕಿಂತ ಹೆಚ್ಚು ಅಪಾಯದ ಜಾಗ ಇದು. ಔಷಧಿಯ ಸೂಚನೆಯಲ್ಲಿ ಹೀಗೆ ಇದೆ ಎಂದುಕೊಳ್ಳಿ: 'ಪೇಷಂಟ್ಸ್ ಹೂ ಹ್ಯಾವ್ ಕಿಡ್ನಿ ಡಿಸೀಸ್ ಶುಡ್ ನಾಟ್ ಟೇಕ್ ದಿಸ್ ಟ್ಯಾಬ್ಲೆಟ್'. ಕಾಮಾ ಒಂದೂ ಇಲ್ಲ. ಅರ್ಥ: ರೋಗಿಗಳಲ್ಲಿ ಕಿಡ್ನಿ ಕಾಯಿಲೆ ಇರುವವರು ಮಾತ್ರ ಈ ಮಾತ್ರೆ ತೆಗೆದುಕೊಳ್ಳಬಾರದು. ಈಗ 'ಪೇಷಂಟ್ಸ್' ನಂತರ ಒಂದು, 'ಡಿಸೀಸ್' ನಂತರ ಒಂದು ಕಾಮಾ ಹಾಕಿ. ಅರ್ಥ ಪೂರಾ ಬೇರೆ: ರೋಗಿಗಳು ಯಾರೂ ತೆಗೆದುಕೊಳ್ಳಬಾರದು, ಅವರೆಲ್ಲರಿಗೂ ಕಿಡ್ನಿ ಕಾಯಿಲೆ ಇದೆ!

ಏಕೆ ಹೀಗೆ? ಇಂಗ್ಲಿಷಿನಲ್ಲಿ ಒಂದು ಜೋಡಿ ಕಾಮಾ ನಡುವೆ ಇಟ್ಟ ಮಾತು ಆವರಣದೊಳಗೆ ಇಟ್ಟಂತೆ. ಎತ್ತಿಬಿಟ್ಟರೂ ಉಳಿದ ವಾಕ್ಯ ನಿಲ್ಲಬೇಕು. ಕಾಮಾ ಇಲ್ಲದ ಮಾತು ಹಾಗಲ್ಲ, ಅದು ಯಾರು ಎಂದು ಗುರುತಿಸುವ ಮಾತು. 'ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು' ಎಂದು ಕಾಮಾ ಇಲ್ಲದೆ ಬರೆದರೆ ನಿಮಗೆ ಇನ್ನೊಬ್ಬರಾದರೂ ಅಣ್ಣತಮ್ಮಂದಿರು ಇದ್ದಾರೆ, ಅವರಲ್ಲಿ ಮೈಸೂರಿನವರು ಎಂದು. ಎರಡು ಕಡೆ ಕಾಮಾ ಹಾಕಿದರೆ ಇರುವುದೇ ಒಬ್ಬರು, ಅವರು ಮೈಸೂರಿನಲ್ಲಿದ್ದಾರೆ ಎಂದು. ಕನ್ನಡದ 'ಮೈಸೂರಿನಲ್ಲಿರುವ ನನ್ನ ಅಣ್ಣ' ಎಂಬುದು ಎರಡಕ್ಕೂ ಸಲ್ಲುತ್ತದೆ. ಆದ್ದರಿಂದಲೇ ನಮಗೆ ಈ ವ್ಯತ್ಯಾಸ ಕಿವಿಗೆ ಕೇಳಿಸುವುದಿಲ್ಲ. ಮನೆಯ ಮಾತಿನಲ್ಲಿ ಇದರಿಂದ ನಷ್ಟವಿಲ್ಲ. ವಿಲ್ಲು, ಕರಾರು ಪತ್ರ, ಬೋನಸ್ ಸುತ್ತೋಲೆಗಳಲ್ಲಿ 'ಎಲ್ಲರಿಗೂ' ಮತ್ತು 'ಅಂಥವರಿಗೆ ಮಾತ್ರ' ಎಂಬುದರ ನಡುವೆ ಹಣವಿರುತ್ತದೆ.

ಒಂದು ಕಾಮಾ ಹಾಕಿ ಇನ್ನೊಂದನ್ನು ಮರೆಯುವುದು ಇನ್ನೂ ಕೆಟ್ಟದ್ದು. ಆವರಣ ತೆರೆದು ಮುಚ್ಚದೆ ಬಿಟ್ಟ ಹಾಗೆ.

ಇದೇ ಜಾತಿಯ ಇನ್ನೊಂದು ಗೊಂದಲ 'ಬಿಕಾಸ್'ನದು. 'ಹಿ ಡಿಡ್ ನಾಟ್ ಸ್ಟಾಪ್ ದಿ ಟ್ಯಾಬ್ಲೆಟ್, ಬಿಕಾಸ್ ದಿ ಡಾಕ್ಟರ್ ಟೋಲ್ಡ್ ಹಿಮ್'. ಕಾಮಾ ಇದ್ದಾಗ ಅರ್ಥ ಸ್ಪಷ್ಟ: ಅವನು ಮಾತ್ರೆ ನಿಲ್ಲಿಸಲಿಲ್ಲ, ಕಾರಣ ಡಾಕ್ಟರು ಹೇಳಿದ್ದು. ಕಾಮಾ ತೆಗೆದರೆ, ಅವನು ನಿಲ್ಲಿಸಿದ್ದು ಹೌದು, ಆದರೆ ಡಾಕ್ಟರು ಹೇಳಿದ್ದಕ್ಕಲ್ಲ ಎಂದೂ ಓದಬಹುದು. ಒಬ್ಬ ರೋಗಿ ಮಾತ್ರೆ ನುಂಗುತ್ತಿದ್ದಾನೋ ಇಲ್ಲವೋ ಎಂಬುದೇ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ 'ಬಿಕಾಸ್'ಗೆ ಮೊದಲು ಕಾಮಾ ಬೇಡ. ಆದರೆ ವಾಕ್ಯದ ಮೊದಲ ಭಾಗದಲ್ಲಿ 'ನಾಟ್' ಇದ್ದರೆ ಒಮ್ಮೆ ನಿಂತು ನೋಡಿ. ಅನುಮಾನ ಬಂದರೆ ವಾಕ್ಯವನ್ನೇ ಮುರಿದು ಬೇರೆ ಬರೆಯುವುದು ಮೇಲು. ಕಾಮಾದ ಮೇಲೆ ಅಷ್ಟು ಭಾರ ಹೊರಿಸಬಾರದು.

ಉಸಿರು ಎಡವಿಸುವ ಜಾಗಗಳು

'ಆಲ್ ದಿ ಸ್ಟೂಡೆಂಟ್ಸ್ ಆಫ್ ಟೆಂತ್ ಸ್ಟ್ಯಾಂಡರ್ಡ್, ಶುಡ್ ಬ್ರಿಂಗ್ ದೇರ್ ಹಾಲ್ ಟಿಕೆಟ್'. ಇಂಥ ನೋಟಿಸುಗಳನ್ನು ನೀವು ನೋಡಿಯೇ ಇರುತ್ತೀರಿ. ಓದುವಾಗ 'ಸ್ಟ್ಯಾಂಡರ್ಡ್' ಬಳಿ ಉಸಿರು ನಿಲ್ಲುತ್ತದೆ, ಸರಿ. ಆದರೆ ಅಲ್ಲಿ ಕಾಮಾ ಹಾಕುವಂತಿಲ್ಲ. ಕರ್ತೃ ಎಷ್ಟೇ ಉದ್ದವಿರಲಿ, ಅದಕ್ಕೂ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರಬಾರದು. 'ಹಿ ಸೆಡ್, ದಟ್' ಎಂದು ಬರೆಯುವುದೂ ಇದೇ ತಪ್ಪು. ಕನ್ನಡದ 'ಏನೆಂದರೆ' ಎಂಬುದರ ನಿಲುಗಡೆ ಇಂಗ್ಲಿಷಿಗೆ ನುಸುಳಿಕೊಂಡಿರುತ್ತದೆ.

ರಜೆ ಚೀಟಿಯ ತಪ್ಪು ಇದಕ್ಕೂ ಸಾಮಾನ್ಯ. 'ಐ ಹ್ಯಾವ್ ಫೀವರ್, ಐ ಕೆನಾಟ್ ಕಮ್ ಟುಡೇ'. ಕನ್ನಡದಲ್ಲಿ 'ಜ್ವರ ಬಂದಿದೆ, ಇವತ್ತು ಬರಲಾಗುವುದಿಲ್ಲ' ಎಂದು ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ಪೂರ್ಣ ವಾಕ್ಯಗಳನ್ನು ಬರೀ ಕಾಮಾದಿಂದ ಹೊಲಿಯುವುದನ್ನು ತಪ್ಪೆಂದು ಎಣಿಸುತ್ತಾರೆ. ಫುಲ್‌ಸ್ಟಾಪ್ ಹಾಕಿ, ಇಲ್ಲವೇ ಕಾಮಾದ ನಂತರ 'ಸೋ' ಸೇರಿಸಿ. 'ಹೌಎವರ್' ಬಂದಾಗಲೂ ಇದೇ ತೊಂದರೆ. ಅದು 'ಬಟ್' ಅಲ್ಲ. ಅದರ ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್, ಮುಂದೆ ಕಾಮಾ.

ಯಾರನ್ನಾದರೂ ಕರೆಯುವಾಗ ಹೆಸರಿಗೆ ಕಾಮಾ ಬೇಕು ಎಂಬ ನಿಯಮವನ್ನು ಮೊಬೈಲ್ ಕಾಲದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಟ್ಟಿದ್ದಾರೆ. 'ಥ್ಯಾಂಕ್ ಯೂ ಸರ್' ಎಂದು ಕಾಮಾ ಇಲ್ಲದೆ ಮೆಸೇಜ್ ಕಳಿಸಿದರೆ ಯಾವ ಸರ್ ಕೂಡ ಬೇಸರ ಮಾಡಿಕೊಳ್ಳಲಾರರು. ಕೆಲಸದ ಅರ್ಜಿಯಲ್ಲಿ ಹಾಕಿ, ಅಷ್ಟೇ.

'ಅಂಡ್'ಗೆ ಮೊದಲು ಕಾಮಾ: ನಿಷಿದ್ಧವೇ?

ಅಲ್ಲ. ಪಟ್ಟಿಯ ಕೊನೆಯ 'ಅಂಡ್' ಅಥವಾ 'ಆರ್'ಗೆ ಮೊದಲು ಹಾಕುವ ಕಾಮಾಕ್ಕೆ ಆಕ್ಸ್‌ಫರ್ಡ್ ಕಾಮಾ ಎಂದೇ ಹೆಸರು. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ಬಳಸುತ್ತ ಬಂದಿದೆ. ಅಮೆರಿಕದ ಪುಸ್ತಕ ಪ್ರಕಾಶಕರು ನೆಚ್ಚುವ ಷಿಕಾಗೋ ಕೈಪಿಡಿ ಅದನ್ನು ಹಾಕಿ ಎನ್ನುತ್ತದೆ. ಬ್ರಿಟನ್ನಿನ ಹೆಚ್ಚಿನ ಪತ್ರಿಕೆಗಳು ಹಾಕುವುದಿಲ್ಲ, ನಮ್ಮ ಶಾಲೆಗಳೂ ಆ ದಾರಿಯವೇ. ಎರಡೂ ಸರಿ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಆದರೆ 'ಎಂದಿಗೂ ಬೇಡ' ಎಂದು ಹಟ ಹಿಡಿದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಮೇನ್ ರಾಜ್ಯದ ಹಾಲಿನ ಲಾರಿಗಳ ಪ್ರಕರಣ ಇದೆ. 'ಒಂದು ಕಾಮಾ ಬಿಟ್ಟಿದ್ದಕ್ಕೆ ಕಂಪನಿಗೆ ಒಂದು ಕೋಟಿ ಡಾಲರ್ ದಂಡ' ಎಂಬ ರೂಪದಲ್ಲಿ ಇದು ಫಾರ್ವರ್ಡ್ ಆಗುತ್ತದೆ. ನಡೆದದ್ದು ಸ್ವಲ್ಪ ಬೇರೆ.

ಓಕ್‌ಹರ್ಸ್ಟ್ ಡೈರಿಯ ಡ್ರೈವರುಗಳು ವಾರಕ್ಕೆ 40 ಗಂಟೆ ಮೀರಿ ದುಡಿದದ್ದಕ್ಕೆ ಹೆಚ್ಚುವರಿ ಕೂಲಿ ಕೇಳಿದರು. ಕೆಲವು ಕೆಲಸಗಳಿಗೆ ಹೆಚ್ಚುವರಿ ಕೂಲಿ ಕೊಡಬೇಕಿಲ್ಲ ಎಂದು ರಾಜ್ಯದ ಕಾನೂನಿನಲ್ಲಿ ಒಂದು ಪಟ್ಟಿ ಇತ್ತು. ಆಹಾರ ಪದಾರ್ಥಗಳನ್ನು ಡಬ್ಬಿಗೆ ತುಂಬುವುದು, ಸಂಸ್ಕರಿಸುವುದು, ಒಣಗಿಸುವುದು, ದಾಸ್ತಾನು ಮಾಡುವುದು ಹೀಗೆ ಸಾಗಿ ಪಟ್ಟಿ ಕೊನೆಗೆ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಎಂದು ಮುಗಿಯುತ್ತಿತ್ತು. 'ಶಿಪ್‌ಮೆಂಟ್' ನಂತರ ಕಾಮಾ ಇರಲಿಲ್ಲ.

ಕಂಪನಿ ಹೇಳಿತು: ಪ್ಯಾಕಿಂಗ್ ಒಂದು ಕೆಲಸ, ವಿತರಣೆ ಇನ್ನೊಂದು ಕೆಲಸ, ಡ್ರೈವರುಗಳು ಮಾಡುವುದು ವಿತರಣೆ, ಆದ್ದರಿಂದ ಹೆಚ್ಚುವರಿ ಕೂಲಿ ಇಲ್ಲ. ಡ್ರೈವರುಗಳು ಹೇಳಿದರು: ಅಲ್ಲಿ ಇರುವುದು ಒಂದೇ ಕೆಲಸ, ಪ್ಯಾಕಿಂಗ್, ಅದು ಸಾಗಣೆಗಾಗಿ ಇರಬಹುದು, ವಿತರಣೆಗಾಗಿ ಇರಬಹುದು, ನಾವು ಪ್ಯಾಕ್ ಮಾಡುವವರೇ ಅಲ್ಲ. ಅವರು ಇನ್ನೊಂದು ಸೂಕ್ಷ್ಮವನ್ನೂ ಎತ್ತಿದರು. ಪಟ್ಟಿಯ ಉಳಿದ ಕೆಲಸಗಳೆಲ್ಲ ಇಂಗ್ಲಿಷಿನಲ್ಲಿ 'ಇಂಗ್' ಎಂದು ಕೊನೆಯಾಗುತ್ತವೆ, 'ಡಿಸ್ಟ್ರಿಬ್ಯೂಷನ್' ಮಾತ್ರ ಹಾಗಿಲ್ಲ. ಕಂಪನಿಯ ಬಳಿಯೂ ಒಳ್ಳೆಯ ಉತ್ತರವಿತ್ತು. ಮೇನ್ ರಾಜ್ಯದ ಕಾನೂನು ಬರೆಯುವವರ ಕೈಪಿಡಿಯೇ ಪಟ್ಟಿಯ ಕೊನೆಯ ಕಾಮಾ ಹಾಕಬೇಡಿ ಎಂದು ಹೇಳುತ್ತಿತ್ತು!

2017ರ ಮಾರ್ಚಿನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ವಾಕ್ಯ ಎರಡು ಅರ್ಥಕ್ಕೆ ಎಡೆ ಕೊಡುತ್ತದೆ ಎಂದಿತು. ಕಾನೂನಿನ ಉದ್ದೇಶ ಕಾರ್ಮಿಕರ ರಕ್ಷಣೆಯಾದ್ದರಿಂದ ಅನುಮಾನದ ಲಾಭ ಡ್ರೈವರುಗಳಿಗೆ ಸಿಗಬೇಕೆಂದಿತು. ದಂಡ ವಿಧಿಸಲಿಲ್ಲ. 2018ರಲ್ಲಿ ಕಂಪನಿ 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಒಂದು ಕೋಟಿ ಎಂಬುದು ಕೇಸು ನಡೆಯುವಾಗ ಸುದ್ದಿಗಳಲ್ಲಿ ಬಂದ ಅಂದಾಜು. ತೀರ್ಪಿನ ನಂತರ ರಾಜ್ಯದ ಶಾಸಕಾಂಗ ಆ ಪಟ್ಟಿಯನ್ನು ತಿದ್ದಿತು. ಕಾಮಾಗಳ ಜಾಗಕ್ಕೆ ಸೆಮಿಕೋಲನ್‌ಗಳು ಬಂದವು, 'ಡಿಸ್ಟ್ರಿಬ್ಯೂಷನ್' ಹೋಗಿ 'ಡಿಸ್ಟ್ರಿಬ್ಯೂಟಿಂಗ್' ಆಯಿತು.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ

ಫಾರ್ವರ್ಡ್‌ಗಳು ಅಮೆರಿಕ, ರಷ್ಯಾ ಎಂದು ಸುತ್ತುತ್ತವೆ. ನಮ್ಮ ಸುಪ್ರೀಂ ಕೋರ್ಟಿನಲ್ಲಿ ನಡೆದ ಕಾಮಾ ವಾದಗಳು ಅವುಗಳಲ್ಲಿ ಕಾಣುವುದೇ ಇಲ್ಲ. ನಮ್ಮ ಪ್ರಕಾರ ಅವೇ ಹೆಚ್ಚು ಉಪಯೋಗದವು.

ಔಷಧಿ ಮತ್ತು ಪ್ರಸಾಧನಗಳ ಕಾಯ್ದೆಯ 27ನೇ ಸೆಕ್ಷನ್ನಿನಲ್ಲಿ ಯಾರಿಗೆ ಶಿಕ್ಷೆ ಎಂದು ಹೇಳುವ ಕಡೆ ಆಗ 'ಸೆಲ್ಸ್, ಸ್ಟಾಕ್ಸ್ ಆರ್ ಎಕ್ಸಿಬಿಟ್ಸ್ ಫಾರ್ ಸೇಲ್' ಎಂಬ ಮಾತುಗಳಿದ್ದವು. ಔಷಧಿ ಇಟ್ಟುಕೊಂಡು ಸಿಕ್ಕಿಬಿದ್ದ ಒಬ್ಬನ ಮೇಲಿನ ಕೇಸಿನಲ್ಲಿ ಪ್ರಶ್ನೆ ಬಂತು: ಸುಮ್ಮನೆ ಇಟ್ಟುಕೊಂಡಿದ್ದರೂ ಅಪರಾಧವೇ, ಅಥವಾ ಮಾರುವುದಕ್ಕೆಂದೇ ಇಟ್ಟುಕೊಂಡಿರಬೇಕೆ? 'ಸ್ಟಾಕ್ಸ್' ನಂತರ ಕಾಮಾ ಇಲ್ಲದ್ದನ್ನು ನ್ಯಾಯಾಲಯ ಎತ್ತಿ ತೋರಿಸಿತು. ಹಾಗಾಗಿ 'ಫಾರ್ ಸೇಲ್' ಎಂಬುದು 'ಎಕ್ಸಿಬಿಟ್ಸ್'ಗೆ ಮಾತ್ರವಲ್ಲ, 'ಸ್ಟಾಕ್ಸ್'ಗೂ ಸೇರುತ್ತದೆ. ಮಾರಾಟದ ಉದ್ದೇಶ ಸಾಬೀತಾಗದೆ ಬರೀ ಇಟ್ಟುಕೊಂಡದ್ದು ಈ ಸೆಕ್ಷನ್ನಿಗೆ ಸಾಲದು ಎಂದಿತು. ತೀರ್ಪು 1979ರ ಕಾನೂನು ವರದಿಗಳಲ್ಲಿದೆ.

1988ರ ಇನ್ನೊಂದು ಕೇಸು ಮಹಾರಾಷ್ಟ್ರದ ವಿದರ್ಭ ಕಡೆಯ ಹಳೆಯ ಬಾಡಿಗೆ ಆದೇಶಕ್ಕೆ ಸಂಬಂಧಿಸಿದ್ದು. ಬಾಡಿಗೆದಾರನನ್ನು ಬಿಡಿಸಲು ಮಾಲೀಕನಿಗೆ ಇದ್ದ ಒಂದು ಆಧಾರ ಹೀಗಿತ್ತು: ಬಾಡಿಗೆದಾರ ಬೇರೆ ವಸತಿ ಪಡೆದುಕೊಂಡಿರಬೇಕು, ಅಥವಾ ನಾಲ್ಕು ತಿಂಗಳು ಸತತವಾಗಿ ಆ ಪ್ರದೇಶ ಬಿಟ್ಟಿದ್ದು ಮನೆಯ ಅಗತ್ಯ ಅವನಿಗೆ ಇಲ್ಲದಿರಬೇಕು. ಈ 'ಅಗತ್ಯ ಇಲ್ಲದಿರಬೇಕು' ಎಂಬ ಷರತ್ತು ಮೊದಲ ಸಂದರ್ಭಕ್ಕೂ ಅನ್ವಯಿಸುತ್ತದೆಯೇ? ಇಂಗ್ಲಿಷ್ ಮೂಲದಲ್ಲಿ 'ಬೇರೆ ವಸತಿ' ಎಂಬುದರ ನಂತರ ಕಾಮಾ ಇತ್ತು, 'ನಾಲ್ಕು ತಿಂಗಳು' ಎಂಬುದರ ನಂತರ ಇರಲಿಲ್ಲ. ಆದ್ದರಿಂದ ಷರತ್ತು ಎರಡನೆಯದಕ್ಕೆ ಮಾತ್ರ ಅಂಟಿಕೊಂಡಿದೆ ಎಂದು ನ್ಯಾಯಾಲಯ ಓದಿತು.

ಹಾಗೆಂದು ಕಾಮಾ ಒಂದೇ ಕೇಸು ಗೆಲ್ಲಿಸುತ್ತದೆ ಎಂದು ತಿಳಿಯಬೇಡಿ. 1952ರ ಒಂದು ತೀರ್ಪಿನಲ್ಲಿ ಇದೇ ಸುಪ್ರೀಂ ಕೋರ್ಟು, ಕಾನೂನನ್ನು ಅರ್ಥೈಸುವಾಗ ಚಿಹ್ನೆಗಳಿಗೆ ಇರುವುದು ಚಿಕ್ಕ ಪಾತ್ರ, ಪದಗಳ ಅರ್ಥ ಸ್ಪಷ್ಟವಿದ್ದರೆ ಅದೇ ನಿಲ್ಲುತ್ತದೆ ಎಂಬ ನಿಲುವು ತಳೆದಿತ್ತು. ಕಾಮಾ ನೋಡುವ ಪ್ರಸಂಗ ಬರುವುದು ಪದಗಳಿಂದ ಮಾತ್ರ ಅರ್ಥ ತೀರ್ಮಾನವಾಗದಿದ್ದಾಗ.

ರಾಣಿಯ ಕಥೆ ಮತ್ತು ನಿಜವಾಗಿ ಗಲ್ಲಿಗೇರಿದವನು

ರಷ್ಯಾದ ಚಕ್ರವರ್ತಿ ಮೂರನೇ ಅಲೆಕ್ಸಾಂಡರ್ 'ಕ್ಷಮೆ ಅಸಾಧ್ಯ, ಸೈಬೀರಿಯಾಕ್ಕೆ ಕಳಿಸಿ' ಎಂದು ಬರೆದನಂತೆ. ರಾಣಿ ಮರಿಯಾ ಕಾಮಾವನ್ನು ಒಂದು ಪದ ಹಿಂದಕ್ಕೆ ಸರಿಸಿ 'ಕ್ಷಮೆ, ಅಸಾಧ್ಯ ಸೈಬೀರಿಯಾಕ್ಕೆ ಕಳಿಸುವುದು' ಎಂದು ಮಾಡಿ ಕೈದಿಯನ್ನು ಉಳಿಸಿದಳಂತೆ. ಫಾರ್ವರ್ಡ್‌ನಲ್ಲಿ ಆ ಆದೇಶ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಇರುತ್ತದೆ. ರಷ್ಯಾದ ಚಕ್ರವರ್ತಿ ತನ್ನ ಅಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ಏಕೆ ಬರೆಯುತ್ತಾನೆ? ಕೈದಿಯ ಹೆಸರಿಲ್ಲ, ತಾರೀಖಿಲ್ಲ. ಒಳ್ಳೆಯ ಕಥೆ, ಮಕ್ಕಳಿಗೆ ಹೇಳಿ. ಇತಿಹಾಸ ಎಂದು ಹಂಚಬೇಡಿ.

ದಾಖಲೆ ಇರುವುದು ಇನ್ನೊಬ್ಬರದು. ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟಗಾರ ರೋಜರ್ ಕೇಸ್‌ಮೆಂಟ್, ಮೊದಲ ಮಹಾಯುದ್ಧದ ನಡುವೆ ಜರ್ಮನಿಯಲ್ಲಿದ್ದ ಐರಿಷ್ ಯುದ್ಧಕೈದಿಗಳನ್ನು ಬ್ರಿಟನ್ನಿನ ವಿರುದ್ಧ ಸಂಘಟಿಸಲು ಯತ್ನಿಸಿದರು. 1916ರಲ್ಲಿ ಲಂಡನ್ನಿನಲ್ಲಿ ಅವರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಆಧಾರ 1351ರ ಕಾಯ್ದೆ, ಭಾಷೆ ನಾರ್ಮನ್ ಫ್ರೆಂಚ್. ಅದರಲ್ಲಿ ರಾಜ್ಯದೊಳಗೆ ಶತ್ರುಗಳ ಕಡೆ ಸೇರಿ ಅವರಿಗೆ ನೆರವು ಕೊಡುವುದರ ಮಾತಿದೆ, ಕೊನೆಗೆ 'ಅಥವಾ ಬೇರೆಡೆ' ಎಂದಿದೆ. ಕೇಸ್‌ಮೆಂಟ್ ಮಾಡಿದ್ದೆಲ್ಲ ಬ್ರಿಟನ್ನಿನ ಹೊರಗೆ. 'ಬೇರೆಡೆ' ಎಂಬುದು ನೆರವಿಗೆ ಮಾತ್ರ ಸೇರಿದ್ದೋ, ಶತ್ರುಗಳ ಕಡೆ ಸೇರುವುದಕ್ಕೂ ಸೇರಿದ್ದೋ ಎಂಬುದರ ಮೇಲೆ ಅವರ ಜೀವ ನಿಂತಿತ್ತು. ನ್ಯಾಯಾಧೀಶರು ಐನೂರು ವರ್ಷ ದಾಟಿದ ಆ ಮೂಲ ಸುರುಳಿಯನ್ನೇ ಪರಿಶೀಲಿಸಿ ಅದರ ಮೇಲಿನ ಗೀಟುಗಳನ್ನು ನೋಡಿದರು, ಅಪರಾಧವೆಂದೇ ತೀರ್ಪು ಕೊಟ್ಟರು. 1916ರ ಆಗಸ್ಟ್ 3ರಂದು ಕೇಸ್‌ಮೆಂಟರನ್ನು ಗಲ್ಲಿಗೇರಿಸಲಾಯಿತು. ಕಾಮಾದಿಂದ ನೇಣಿಗೇರಿದವರು ಎಂಬ ಮಾತು ಅವರ ಹೆಸರಿನ ಜೊತೆ ಉಳಿದುಕೊಂಡಿದೆ.

ಅಂಕಿಗಳ ನಡುವಿನ ಕಾಮಾ

ಕೊನೆಗೊಂದು ವಿಷಯ, ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನಾವು ಹತ್ತು ಲಕ್ಷವನ್ನು 10,00,000 ಎಂದು ಬರೆಯುತ್ತೇವೆ. ಅಮೆರಿಕ, ಬ್ರಿಟನ್ನಿನವರು 1,000,000 ಎನ್ನುತ್ತಾರೆ. ಸೊನ್ನೆಗಳು ಅಷ್ಟೇ, ಕಾಮಾ ಜಾಗ ಬೇರೆ. ವಿದೇಶದ ಕಂಪನಿಗೆ ಬಿಲ್ ಕಳಿಸುವವರು ಅವರ ಪದ್ಧತಿಯಲ್ಲೇ ಬರೆಯುವುದು ಒಳ್ಳೆಯದು. ಜರ್ಮನಿ, ಫ್ರಾನ್ಸ್ ಮುಂತಾದ ಕಡೆ ಇನ್ನೊಂದು ಬಗೆ: ಅಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಕಾಮಾ. ಜರ್ಮನಿಯಲ್ಲಿರುವ ಮಗಳೋ ಅಳಿಯನೋ ಅಲ್ಲಿಯ ಔಷಧಿ ಡಬ್ಬಿಯ ಫೋಟೋ ಕಳಿಸಿ, ಅದರ ಮೇಲೆ 2,5 ಮಿಲಿಗ್ರಾಂ ಎಂದಿದ್ದರೆ ಅದು ಎರಡೂವರೆ ಮಿಲಿಗ್ರಾಂ. ಇಪ್ಪತ್ತೈದಲ್ಲ.